ನುನ್ಸಿಯಾಳ ಹಣೆ, ಅಕ್ಕನ ಹೆಬ್ಬೆರಳು

ಕೆಂಟನ್, ಲಂಡನ್
ಮೇ ೧೮, ೨೦೨೫, ಭಾನುವಾರ

ಪ್ರೀತಿಯ ಕಲ್ಯಾಣಕ್ಕಾ,

ನಿನ್ನ ವಿಶಾಲಿಯ ನಮಸ್ಕಾರ. ಮೊದಲು ನಿನ್ನ ಮೊಣಕಾಲಿನ ಸುದ್ದಿ ಹೇಳು. ಮಗ ತಂದುಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಬಾಟಲಿಯನ್ನು ದೇವರ ಗೂಡಿನಲ್ಲಿಟ್ಟು ಕೈ ಮುಗಿಯುತ್ತಿದ್ದೀಯೋ? ಧಾರವಾಡದಲ್ಲಿ ಈ ಸಲ ಬಿಸಿಲು ಜೋರಂತೆ, ಮಧ್ಯಾಹ್ನ ಅಂಗಳಕ್ಕೆ ಇಳಿಯಬೇಡ. ನಾವಿಲ್ಲಿ ಚೆನ್ನಾಗಿದ್ದೇವೆ. ಇವರ ಬಿಪಿ ಹತೋಟಿಯಲ್ಲಿದೆ. ಇಷ್ಟು ವರ್ಷ ಆಸ್ಪತ್ರೆಯಲ್ಲಿ ಊರಿನವರಿಗೆಲ್ಲ ಔಷಧಿ ಬರೆದುಕೊಟ್ಟ ಡಾಕ್ಟರು ಈಗ ತಮ್ಮ ಒಂದು ಮಾತ್ರೆ ನುಂಗಬೇಕಾದರೆ ನಾನು ನೆನಪಿಸಬೇಕು. ಇಲ್ಲಿಯ ಜಿಪಿ ಡಾಕ್ಟರ ಹತ್ತಿರ ಹೋಗೋಣ ಎಂದರಂತೂ ಅವರಿಗೆ ಅವಮಾನ. ಫೋನು ಇರುವಾಗ ಕಾಗದವೇಕೆ ಎಂದು ನೀನು ಕೇಳುತ್ತೀ, ಗೊತ್ತು. ಮೊಮ್ಮಗಳು ಶರಣ್ಯಾಳ ಮದುವೆಗೆ ಪಾಯಸದ ಗೌಲಿ ಹೊಸೆಯುವ ಮಾತು ಎತ್ತಿದ ಕೂಡಲೇ ನಿನ್ನ ಮನೆಯ ಕುಕ್ಕರ್ ಕೂಗುತ್ತದೆ, ನೀನು ಫೋನಿಡುತ್ತೀ. ಕುಕ್ಕರಿಗೆ ಹೆದರದೆ ಒಂದಿಷ್ಟು ಹೇಳುವುದಿದೆ, ಅದಕ್ಕೇ ಕಾಗದ.

ನಾವು ಹೋದ ವಾರ ಇಟಲಿಯಿಂದ ಬಂದೆವು. ನಿನಗೆ ನಮ್ಮ ಮೊದಲ ಯುರೋಪ್ ಪ್ರವಾಸ ನೆನಪಿದೆಯಲ್ಲ? ಬಸ್ಸಿನ ತುಂಬ ನಮ್ಮವರೇ, ಹಿಂದೆ ಅಡುಗೆಯವನು, ಅವನ ಹಿಂದೆ ಅವನ ಪಾತ್ರೆಗಳು. ಸ್ವಿಟ್ಜರ್ಲೆಂಡಿನ ಹಿಮದ ಎದುರು ಉಪ್ಪಿಟ್ಟು, ಪ್ಯಾರಿಸ್ಸಿನಲ್ಲಿ ಪೂರಿ. ಅಷ್ಟೆಲ್ಲ ದೇಶ ತಿರುಗಿ ಬಂದರೂ ಆ ದೇಶದ ಒಬ್ಬರ ಜೊತೆಗೂ ನಾನು ಮಾತಾಡಿರಲಿಲ್ಲ, ಯುರೋಪ್ ಎಂದರೆ ನನಗೆ ಬಸ್ಸಿನ ಕಿಟಕಿಯಷ್ಟೇ ಆಗಿತ್ತು. ಈ ಸಲ ಶರಣ್ಯಾ ಹಟ ಹಿಡಿದು ಬೇರೆ ತರಹದ ಪ್ರವಾಸಕ್ಕೆ ನಮ್ಮ ಹೆಸರು ಕೊಟ್ಟಳು. ಎಂಟೇ ಜನ. ಕರೆದುಕೊಂಡು ಹೋದವನು ಬೆಂಗಳೂರಿನ ಶಮಂತ್ ಎಂಬವನು. ಇಟಲಿಯಲ್ಲಿ ಓದಿ, ಲಂಡನ್ನಿನಲ್ಲಿ ಕಂಪ್ಯೂಟರ್ ಕೆಲಸ ಮಾಡಿ, ಅದನ್ನು ಬಿಟ್ಟು ಈಗ ಹೀಗೆ ಸಣ್ಣ ಗುಂಪುಗಳನ್ನು ಊರೂರು ತಿರುಗಿಸುತ್ತಾನೆ. ಹೊರಡುವ ಮೊದಲೇ ಹೇಳಿಬಿಟ್ಟ, "ಅಂಕಲ್, ನಮ್ ಜೊತೆ ಅಡುಗೆಯವ್ರು ಬರಲ್ಲ. ಆ ಊರಿನವ್ರು ಏನು ಕೊಡ್ತಾರೋ ಅದೇ ಊಟ." ಇವರು ಆ ರಾತ್ರಿಯೇ ಚುರುಮುರಿ, ಚಟ್ನಿಪುಡಿ ಪೆಟ್ಟಿಗೆಗೆ ತುಂಬಿದರು.

ಹೋದ ಊರು ಬಾರಿ. ಇಟಲಿಯ ದಕ್ಷಿಣಕ್ಕೆ, ಸಮುದ್ರದ ದಂಡೆಗೆ. ಹಳೇ ಪೇಟೆಯಲ್ಲಿ ಕಲ್ಲು ಹಾಸಿದ ಸಂದಿಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಸರಿಯಬೇಕು. ಸಂದಿಯ ಮೂಲೆಗೆ ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಅವರ ದೇವಮಾತೆಯ ಮೂರ್ತಿ, ಎದುರಿಗೆ ಹೂವು, ದೀಪ. ಮೇಲೆ ಹಗ್ಗದ ತುಂಬ ಒಗೆದ ಬಟ್ಟೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಹೆಂಗಸರು ಹೋಗಿಬರುವವರನ್ನೆಲ್ಲ ಮೇಲಿನಿಂದ ಕೆಳಗೆ ನೋಡುತ್ತಿದ್ದರು. ನನಗೆ ನಮ್ಮ ಮಾಳಮಡ್ಡಿಯ ಓಣಿಯೇ ನೆನಪಾಯಿತು. ಇನ್ನೊಂದು ಸಂದಿಗೆ ತಿರುಗಿದೆವು ನೋಡು, ಅಲ್ಲಿ ನನ್ನ ಕಾಲೇ ಮುಂದೆ ಹೋಗಲಿಲ್ಲ. ಮನೆಯ ಮುಂದೆ ಕಟ್ಟಿಗೆಯ ಚೌಕಟ್ಟಿಗೆ ಜಾಲರಿ ಬಡಿದು, ಅದರ ಮೇಲೆ ಹರವಿದ್ದರು. ಏನು ಅಂತೀ? ಗೌಲಿ! ಸಾಕ್ಷಾತ್ ನಮ್ಮ ಗೌಲಿ, ಅಕ್ಕಾ! ನಾವು ಉಗುರಿನಿಂದ ಒತ್ತಿ ಚಿಪ್ಪಿನ ಹಾಗೆ ಮಾಡುತ್ತೇವಲ್ಲ, ಅದರ ಅಣ್ಣನಂತೆ ತುಸು ದೊಡ್ಡದು. ಅವರು ಅದಕ್ಕೆ ಕಿವಿಯ ಹೆಸರಿಟ್ಟಿದ್ದಾರಂತೆ. ರವೆಯ ಹಿಟ್ಟು, ನೀರು, ಬೆರಳು, ಬಿಸಿಲು. ಇವರು ಶಮಂತನ ತೋಳು ಹಿಡಿದು ಮೊದಲು ಕೇಳಿದ ಪ್ರಶ್ನೆ, "ತತ್ತಿ ಹಾಕ್ಯಾರೇನು ಕೇಳೋ." ಹಾಕುವುದಿಲ್ಲವಂತೆ. ಅಲ್ಲಿಂದ ಮುಂದೆ ಚಟ್ನಿಪುಡಿ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ.

ಆ ಮನೆಯಲ್ಲೂ ಮದುವೆಯಂತೆ, ಮೊಮ್ಮಗಳದು. ಶಮಂತನಿಗೆ ಪರಿಚಯದವರು. ಮರುದಿನ ಬೆಳಿಗ್ಗೆ ಮದುವೆಯೂಟಕ್ಕೆ ಹಿಟ್ಟು ಕಲಸುತ್ತಾರೆ, ಬನ್ನಿ ಎಂದು ನಮ್ಮ ಎಂಟೂ ಜನರನ್ನು ಕರೆದರು. ಬಸ್ಸಿನ ತುಂಬ ಹೋಗಿದ್ದರೆ ಯಾರು ಕರೆಯುತ್ತಿದ್ದರು ಹೇಳು? ಹೋದೆವು. ದೊಡ್ಡ ಮೇಜಿನ ಸುತ್ತ ಮದುವಣಗಿತ್ತಿ, ಅವಳ ತಾಯಿ, ಅತ್ತೆಯರು, ನೆರೆಯ ಹೆಂಗಸರು ಎಲ್ಲರೂ ಕೂತಿದ್ದಾರೆ. ಹಿಟ್ಟು ಕಲಸಿ ಬಟ್ಟೆ ಮುಚ್ಚಿಟ್ಟಿದೆ. ಯಾರೂ ಮುಟ್ಟುತ್ತಿಲ್ಲ. ಮುಹೂರ್ತಕ್ಕೆ ಕಾಯುತ್ತಿದ್ದಾರೇನೋ ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಮುದುಕಿ ಬಂದಳು. ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ. ಹೆಸರು ನುನ್ಸಿಯಾ, ಹುಡುಗಿಯ ಅಜ್ಜಿ. ಕೈ ತೊಳೆದು, ಕೂತು, ಹಿಟ್ಟಿನ ಎಳೆ ಹೊಸೆದು, ಚಾಕುವಿನಿಂದ ಒಂದು ತುಂಡು ಎಳೆದು ಹೆಬ್ಬೆರಳಿನ ಮೇಲೆ ಮಗುಚಿ ಟೊಪ್ಪಿಗೆಯಂತೆ ಕೂರಿಸಿದಳು. ಅದನ್ನು ಮೊಮ್ಮಗಳ ಅಂಗೈಯಲ್ಲಿಟ್ಟು, ಆ ಬೆರಳುಗಳನ್ನು ಮಡಚಿ, ಮುದ್ದಿಟ್ಟಳು. ಆಮೇಲೆ ನೋಡು, ಎಲ್ಲರ ಕೈಗಳೂ ಒಮ್ಮೆಲೇ ಹಿಟ್ಟಿಗೆ ಬಿದ್ದವು, ಎಲ್ಲರ ಬಾಯಿಗಳೂ ಒಮ್ಮೆಲೇ ತೆರೆದವು. ಅವಳು ಕಪ್ಪು ಯಾಕೆ ಉಟ್ಟಿದ್ದಾಳೆ ಎಂದು ಶಮಂತನನ್ನು ಕೇಳಿದೆ. ಹೋದ ಚಳಿಗಾಲದಲ್ಲಿ ಗಂಡ ತೀರಿಕೊಂಡನಂತೆ. ಹಾಗಿದ್ದರೂ ಮೊದಲನೆಯದು ಇವಳ ಕೈಯಿಂದಲೇ ಏಕೆ ಎಂದೆ. ಅವನು ಆ ಹುಡುಗಿಯ ತಾಯಿಯನ್ನು ಕೇಳಿದ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡು ಸಲ ಕೇಳಿದ ಮೇಲೆ, ಮನೆಯಲ್ಲಿ ಎಲ್ಲರಿಗಿಂತ ಹಳೆಯ ಕೈ ಅದೇ ತಾನೆ, ಇನ್ಯಾರು ಮಾಡಬೇಕು ಎಂದಳಂತೆ. ಅದು ಆ ಊರಿನ ಪದ್ಧತಿಯೋ ಆ ಮನೆಯದೋ ನಾನು ವಿಚಾರಿಸಲಿಲ್ಲ.

ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೂ ನಾನೇನು ಮಾಡಿದೆ ಕೇಳು. ಕೆಲಸ ಮುಗಿಯುತ್ತ ಬಂದಾಗ ಖುಷಿಗೆ ನನ್ನ ಪರ್ಸಿನ ಕುಂಕುಮದ ಭರಣಿ ತೆಗೆದೆ. ನಮ್ಮಲ್ಲಿ ಮದುವೆಮನೆಗೆ ಬಂದ ಹೆಂಗಸರಿಗೆ ಇದನ್ನು ಹಚ್ಚುತ್ತೇವೆ ಎಂದು ಶಮಂತನಿಂದ ಹೇಳಿಸಿದೆ. ಎಲ್ಲರೂ ಕೂದಲು ಹಿಂದೆ ಸರಿಸಿ ಹಣೆ ಕೊಟ್ಟರು. ಮದುವಣಗಿತ್ತಿಗೆ ಹಚ್ಚಿದೆ, ಅವಳ ತಾಯಿಗೆ, ಅತ್ತೆಯರಿಗೆ, ನೆರೆಯವರಿಗೆ. ಆಮೇಲೆ ಭರಣಿಯ ಮುಚ್ಚಳ ಹಾಕಿದೆ. ನುನ್ಸಿಯಾಳನ್ನು ದಾಟಿ ಹೋಗಿದ್ದೆ. ಬೇಕೆಂದು ಮಾಡಿದ್ದಲ್ಲ ಅಕ್ಕಾ, ಕೈ ತಾನಾಗಿಯೇ ದಾಟಿತು. ಹಿಟ್ಟು ಮೆತ್ತಿದ ಬೆರಳಿನಿಂದ ಯಾರೋ ನನ್ನ ಮಣಿಕಟ್ಟು ತಟ್ಟಿದರು. ಅವಳೇ! ಮುಖ ಮುಂದೆ ಚಾಚಿ ಏನೋ ಕೇಳಿದಳು, ಮನೆಯವರೆಲ್ಲ ನಕ್ಕರು. ಶಮಂತ್ ತಲೆ ತಗ್ಗಿಸಿ ಹೇಳಿದ, "ನನ್ ಹಣೆ ಏನ್ ತಪ್ಪು ಮಾಡಿದೆ ಅಂತ ಕೇಳ್ತಿದಾರೆ ಆಂಟಿ." ಭರಣಿಯ ಮುಚ್ಚಳ ಮತ್ತೆ ತೆಗೆದೆ. ಹಚ್ಚಿದೆ. ಅವಳು ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು, ಪಕ್ಕದಲ್ಲಿ ತೂಗುಹಾಕಿದ್ದ ಗಂಡನ ಫೋಟೋಕ್ಕೂ ಹಣೆ ತೋರಿಸಿ ಬಂದಳು. ಚೆಂದ ಕಂಡಳು ಅಕ್ಕಾ. ಆ ಕಪ್ಪು ಬಟ್ಟೆಯ ಮೇಲೆ ಆ ಕೆಂಪು ಎಷ್ಟು ಚೆಂದ ಕಂಡಿತು ಎಂದು ನಿನಗೆ ಹೇಗೆ ಬರೆಯಲಿ? ನಾನು ಅತ್ತುಬಿಟ್ಟೆ. ಇವರು ನನಗೆ ಬಿಪಿ ಏರಿತೆಂದು ಗಾಬರಿಯಾದರು.

ಆಮೇಲೆ ಅವಳು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ನಮ್ಮದನ್ನು ಮಾಡಿ ತೋರಿಸು ಎಂದಳು. ಅಕ್ಕಿಕಾಳಿನಷ್ಟು ಸಣ್ಣ ಗೌಲಿ ಹೊಸೆದೆ. ಅಂಗೈಯಿಂದ ಅಂಗೈಗೆ ಮನೆಯೆಲ್ಲ ಸುತ್ತಿ ಬಂತು. ಅವಳೂ ಹೊಸೆಯಲು ನೋಡಿದಳು, ತುಂಡಾಯಿತು, ಬೈದುಕೊಂಡಳು, ಕೊನೆಗೆ ಒಂದು ಸಾಧಿಸಿ ಪದಕ ಗೆದ್ದವಳ ಹಾಗೆ ಎತ್ತಿ ತೋರಿಸಿದಳು. ಅವಳಿಗೆ ನನ್ನ ಮಾತು ಬಾರದು, ನನಗೆ ಅವಳದು ಬಾರದು, ಆದರೂ ನಾವಿಬ್ಬರೂ ಮಾತು ನಿಲ್ಲಿಸಲಿಲ್ಲ. ಇದೇನು ಮಹಾ, ನಮ್ಮಕ್ಕ ಮಾಡಿದ್ದನ್ನು ನೀನು ನೋಡಬೇಕು ಎಂದು ನಿನ್ನ ಫೋಟೋ ತೋರಿಸಿದೆ. ಅಪ್ಪ ನಿನ್ನನ್ನು ಮುಂದೆ ಕೂರಿಸದೆ ನಮ್ಮ ಮನೆಯ ಯಾವ ಮದುವೆಗೂ ಹಿಟ್ಟು ಮುಟ್ಟಿಸುತ್ತಿರಲಿಲ್ಲ ಎಂದೆ. ನೀನು ಹೆಬ್ಬೆರಳಿನ ಉಗುರು ಬೆಳೆಸತೊಡಗಿದರೆ ಮನೆಯಲ್ಲಿ ಮದುವೆ ಬಂತೆಂದು ಓಣಿಗೆಲ್ಲ ಗೊತ್ತಾಗುತ್ತಿತ್ತು ಎಂದೆ. ಅವಳು ಕಣ್ಣು ಕಿರಿದು ಮಾಡಿ ನಿನ್ನನ್ನೇ ಬಹಳ ಹೊತ್ತು ನೋಡಿದಳು. ಹಾಗಾದರೆ ನಿನ್ನ ಮೊಮ್ಮಗಳ ಮದುವೆಗೂ ಇವಳೇ ಮಾಡುತ್ತಾಳಲ್ಲ ಎಂದು ಕೇಳಿದಳು. ಶಮಂತ್ ಉತ್ತರಕ್ಕಾಗಿ ನನ್ನ ಮುಖ ನೋಡುತ್ತ ನಿಂತ. "ಮದುವಿಗೆ ಬರ್ತೀನಿ, ಹಿಂದಿನ ಸಾಲಿನ್ಯಾಗ ಕೂತು ಅಕ್ಷತಾ ಹಾಕ್ತೀನಿ. ಗೌಲಿಗೆ ನನ್ನ ಕೈ ಬ್ಯಾಡ ವಿಶಾಲಿ, ಅದು ಮುತ್ತೈದೇರ ಕೆಲಸ," ಎಂಬ ನಿನ್ನ ಮಾತು ಕಿವಿಯಲ್ಲಿತ್ತು. ಭಾವ ಹೋದಾಗಿನಿಂದ ಅದೊಂದೇ ಮಾತು ನಿನ್ನದು. ಹೋದ ಸಲ ವಿಡಿಯೋದಲ್ಲಿ ನೀನು ಕನ್ನಡಕ ಸರಿಮಾಡಿಕೊಂಡಾಗ ಆ ಉಗುರನ್ನು ಬುಡಕ್ಕೇ ಕತ್ತರಿಸಿದ್ದನ್ನು ನಾನು ನೋಡಿದ್ದೆ. ಹೌದು, ಅವಳೇ ಮಾಡುತ್ತಾಳೆ ಎಂದು ನುನ್ಸಿಯಾಳಿಗೆ ಹೇಳಿಬಿಟ್ಟೆ. ಅಷ್ಟು ಜನರ ಎದುರು ಸುಳ್ಳು ಹೇಳಿದೆ. ಅವಳು ಅದನ್ನು ನಂಬಿ, ತಾನು ಮಾಡಿದ್ದರಲ್ಲಿ ಒಂದು ಹಿಡಿ ಒಣಗಿಸಿ ಅರಿವೆಯಲ್ಲಿ ಕಟ್ಟಿ, ನಿನ್ನ ಅಕ್ಕನಿಗೆ ಎಂದು ಕೊಟ್ಟು ಕಳಿಸಿದ್ದಾಳೆ.

ಈಗ ಆ ಗಂಟು ಕೆಂಟನ್ನಿನ ನಮ್ಮ ಅಡುಗೆಮನೆಯ ಶೆಲ್ಫಿನ ಮೇಲಿದೆ. ಹೊರಗೆ ಎಂದಿನ ಜಿಟಿಜಿಟಿ ಮಳೆ, ಬಿಸಿಲು ಬಂದ ದಿನ ಹಿಂದಿನ ತೋಟದಲ್ಲಿ ಗೌಲಿ ಒಣಗಿಸಲು ಜಾಲರಿ ತಂದಿಟ್ಟಿದ್ದೇನೆ. ಸೊಸೆ ಮಾಳವಿಕಾ ಪಾರ್ಕ್ ರಾಯಲ್‌ನ ಕೇಟರಿಂಗಿನವರಿಗೆ ಪಾಯಸವನ್ನೂ ಹೇಳಿಬಿಡೋಣ, ನಿಮಗೇಕೆ ತೊಂದರೆ ಅತ್ತೆ ಎನ್ನುತ್ತಾಳೆ. ಪಾಪ, ನನ್ನ ಬೆನ್ನುನೋವು ನೋಡಿ ಹೇಳುವುದು. ಇನ್ನೂ ಹೇಳಬೇಡ ಎಂದಿದ್ದೇನೆ. ಬರುವ ತಿಂಗಳು ಭಾವನ ವರ್ಷಾಂತ ಮುಗಿದ ಮೇಲೆ ನೀನು ವಿಮಾನ ಹತ್ತುತ್ತೀ. ಏರ್‌ಪೋರ್ಟಿನಲ್ಲಿ ಲಿಫ್ಟ್ ಇದೆ, ವೀಲ್‌ಚೇರ್ ಹೇಳಿದ್ದೇವೆ, ಹೆದರಬೇಡ. ಮಗನಿಗೂ ಸೊಸೆಗೂ ನಮ್ಮ ಆಶೀರ್ವಾದ. ಇವರು ನಿನಗೆ ನಮಸ್ಕಾರ ತಿಳಿಸಿದ್ದಾರೆ. ಭಾವನ ಫೋಟೋದ ಮುಂದೆ ನನ್ನ ಹೆಸರಿನಲ್ಲೂ ಒಂದು ಹೂವಿಡು.

ನಿನ್ನ ಬೆನ್ನಿಗೆ ಬಿದ್ದ ತಂಗಿ,
ವಿಶಾಲಾಕ್ಷಿ

ತಾ.ಕ.: ಕಾಗದ ಪೆಟ್ಟಿಗೆಗೆ ಹಾಕಲು ಇವರು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ. ಶ್ರಾವಣದ ಮೊದಲ ಶುಕ್ರವಾರ ನಮ್ಮ ಮನೆಯಲ್ಲಿ ಗೌಲಿ. ಮೊದಲ ಕುಂಕುಮ ನಮ್ಮಕ್ಕನ ಹಣೆಗೆ, ಮೊದಲ ಗೌಲಿ ನಮ್ಮಕ್ಕನ ಕೈಯಿಂದ ಎಂದು ಬರುವವರಿಗೆಲ್ಲ ಹೇಳಿದ್ದೇನೆ. ಸರಿಬರದವರು ಬರಬೇಡಿ ಎಂದೂ ಹೇಳಿದ್ದೇನೆ. ಎಲ್ಲರೂ ಬರುತ್ತಾರಂತೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಶರಣ್ಯಾ ಇದೊಂದನ್ನು ಮಾತ್ರ ಕನ್ನಡದಲ್ಲಿ ಹೇಳಿ ಬರೆಸಿದಳು: "ಕಲ್ಯಾಣಿ ಅಜ್ಜಿ, ನೀವು ಮಾಡ್ಲಿಲ್ಲಂದ್ರ ನನ್ನ ಮದುವ್ಯಾಗ ಪಾಯಸಾನೇ ಬ್ಯಾಡ." ಇನ್ನೂ ಎರಡು ತಿಂಗಳಿದೆ ಅಕ್ಕಾ. ಇವತ್ತಿನಿಂದ ಆ ಹೆಬ್ಬೆರಳಿನ ಉಗುರು ಕತ್ತರಿಸಬೇಡ.