ನಮ್ಮ ಬಿಸಿಲು ನಿಮ್ಮ ಸಭಾಂಗಣದಲ್ಲಿ

ಮಾರುಕಟ್ಟೆ ಕಟ್ಟಡದ ಮೇಲಧಿಕಾರಿಗಳಿಗೆ,

ಮಾನ್ಯರೇ, ನೆಲಮಾಳಿಗೆಯ ನಮ್ಮ ಅಂಗಡಿಗಳಿಗೆ ಬರುತ್ತಿದ್ದ ಬಿಸಿಲನ್ನು ತಾವು ತಮ್ಮ ಸಭಾಂಗಣಕ್ಕೆ ತಿರುಗಿಸಿಕೊಂಡಿದ್ದೀರಿ. ನೀರು ಕದ್ದವರನ್ನು ಕಂಡಿದ್ದೇನೆ, ಕರೆಂಟು ಕದ್ದವರನ್ನೂ ಕಂಡಿದ್ದೇನೆ. ಬಿಸಿಲು ಕದ್ದವರನ್ನು ನೋಡುವ ಭಾಗ್ಯ ಈ ವಯಸ್ಸಿನಲ್ಲಿ ತಮ್ಮಿಂದ ಬಂತು. ನಾನು ಅರ್ಧಕ್ಕೇ ಶಾಲೆ ಬಿಟ್ಟವನು, ಮಾತು ಒರಟು. ಸಹಿಸಿಕೊಳ್ಳಿ, ನಾವು ಕತ್ತಲು ಸಹಿಸಿಕೊಂಡಿಲ್ಲವೇ?

ಬೀದಿಬದಿಯಲ್ಲಿದ್ದ ನಮ್ಮನ್ನು ಎಬ್ಬಿಸಿ ಕೆಳಗಿಳಿಸುವಾಗ ತಮ್ಮ ಕಚೇರಿಯೇ ಮಾತು ಕೊಟ್ಟಿತ್ತು: ತಾರಸಿಯ ಮೇಲೆ ಸೂರ್ಯನ ಜೊತೆ ತಿರುಗುವ ಕನ್ನಡಿ ಇಡುತ್ತೇವೆ, ಕೂದಲಿನಂಥ ಗಾಜಿನ ಎಳೆಗಳ ಕೇಬಲ್ಲಿನಲ್ಲಿ ಬಿಸಿಲು ಕೆಳಗೆ ಬರುತ್ತದೆ ಎಂದು. ನಾನು ನಕ್ಕಿದ್ದೆ. ಆದರೆ ಬಂತು, ಸ್ವಾಮಿ. ರಫೂ ಮಾಡುವ ನನ್ನ ಅಕ್ಕನ ಮಣೆಯ ಮೇಲೆ ತಟ್ಟೆಯಗಲ ಬಿಸಿಲು ಬಿತ್ತು. ಆಕಾಶ ಮಂಕಾದರೆ ಅದೂ ಮಂಕಾಗುತ್ತಿತ್ತು. "ಮೇಲೆ ಮೋಡ ಕಣೋ, ಮನೇಲಿ ಬಟ್ಟೆ ಒಣಗಲ್ಲ" ಎಂದು ಅವಳು ನೆಲದಡಿ ಕೂತೇ ಹೇಳುತ್ತಿದ್ದಳು.

ಆಮೇಲೆ ದುರಸ್ತಿಯೆಂದು ಕೇಬಲ್ ಬಿಚ್ಚಿದಿರಿ. ಅದು ಮರಳಲಿಲ್ಲ, ಟ್ಯೂಬ್‌ಲೈಟು ಬಂತು. "ಬೆಳಕು ಬೆಳಕೇ ಅಲ್ವಾ ಅಜ್ಜ?" ಎಂದ ತಮ್ಮ ಇಂಜಿನಿಯರ್. "ಗಂಡಸು ಗಂಡಸೇ ಅಂತ ಪಕ್ಕದ್ಮನೆಯವನನ್ನ ಅಪ್ಪ ಅಂತೀಯೇನಯ್ಯಾ?" ಎಂದೆ. ಹೊರಟೇಹೋದ.

ರಫೂ ಎಂದರೆ ಹರಿದ ಜಾಗಕ್ಕೆ ಅದೇ ಬಣ್ಣದ ದಾರದಿಂದ ನೇಯ್ಗೆ ತುಂಬುವುದು. ದಾರ ಹೊಂದಿಸುವುದು ಹಗಲಿನ ಬೆಳಕಿನಲ್ಲೇ. ಅಕ್ಕ ಟ್ಯೂಬ್‌ಲೈಟಿನಡಿ ಒಬ್ಬ ಹುಡುಗನ ಕರಿ ಕೋಟಿಗೆ ಕಡುನೀಲಿ ದಾರ ಹಾಕಿದಳು. ಅಲ್ಲಿ ಎರಡೂ ಒಂದೇ. ಅವನು ವಾಪಸು ಬಂದ. "ಬಿಸಿಲಿಗೆ ಹೋದ್ರೆ ಬೆನ್ನ ಮೇಲೆ ನೀಲಿ ಗೀಟು ಕಾಣುತ್ತೆ ಅಜ್ಜೀ. ಕಣ್ಣು ತೋರಿಸ್ಕೊಳ್ಳಿ." ಬೈಯಲಿಲ್ಲ, ಪಾಪ ಎನ್ನುವಂತೆ ಹೇಳಿದ. ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಅಂದು ದಾರದುಂಡೆಗೆ ಚುಚ್ಚಿಟ್ಟ ಸೂಜಿಯನ್ನು ಅವಳು ಇನ್ನೂ ತೆಗೆದಿಲ್ಲ.

ಮಂಡಿನೋವಿನವಳು, ಬೆಳಿಗ್ಗೆ ಇಳಿದರೆ ಕತ್ತಲಾದ ಮೇಲೇ ಮೆಟ್ಟಿಲು ಹತ್ತುವುದು. "ದಾರ ಮೇಲೆ ಒಯ್ದು ನಾನೇ ನೋಡ್ಕೊಂಡು ಬರ್ತೀನಿ ಕಣಕ್ಕಾ" ಎಂದೆ.

"ನಿನ್ನ ಕಣ್ಣಲ್ಲಿ ನಾನು ಹೊಲೀಲಾ?"

"ಹಾಗಾದ್ರೆ ಭಾನುವಾರ ಮನೆ ಮುಂದೆ ಬಿಸಿಲಲ್ಲಿ ಕೂತು ಕರಿ, ನೀಲಿ ದಾರ ನೋಡು."

"ನನ್ನ ಮಣೆ ಮೇಲೆ ಕಾಣ್ಬೇಕು. ಬೀದೀಲಿ ಕಂಡು ಏನು ಮಾಡ್ಲಿ?"

ತಮ್ಮನ್ನು ಕೇಳೋಣವೆಂದು ಸಭಾಂಗಣಕ್ಕೆ ಬಂದೆ. ತಾವಿರಲಿಲ್ಲ. ಗೋಡೆಯಗಲದ ಕಿಟಕಿಯಿತ್ತು, ಅದಕ್ಕೆ ದಪ್ಪ ಪರದೆ ಎಳೆದಿದ್ದರು. "ಬಿಸಿಲು ಕಣ್ಣಿಗೆ ಕುಕ್ಕುತ್ತೆ ಅಂತಾರೆ ಸಾಹೇಬ್ರು" ಎಂದ ಜವಾನ. ಸೂರಿನಿಂದ ನಮ್ಮ ಕೇಬಲ್ ಇಳಿದು ಒಂದು ಹೂಕುಂಡದ ಮೇಲೆ ಬಿಸಿಲು ಸುರಿಯುತ್ತಿತ್ತು. ಹೂವು ಪ್ಲಾಸ್ಟಿಕ್ಕಿನದು. ಬಾಗಿಲಿಗೆ ಬಂದ ಬಿಸಿಲನ್ನು ಅಟ್ಟಿ, ಬಡವರದನ್ನು ಕೊಳವೆಯಲ್ಲಿ ತರಿಸಿಕೊಳ್ಳುವುದು ಯಾವ ಸೀಮೆಯ ನ್ಯಾಯ?

ಈಗ ಅಕ್ಕ ನೀರಿನ ಲೋಟಕ್ಕೂ ತಡವುತ್ತಾಳೆ. ಕಣ್ಣು ಹೋಯಿತೆಂದು ನಂಬಿದ ತಡವಾಟವೋ, ನಿಜಕ್ಕೂ ಹೋಯಿತೋ, ನನಗೆ ತಿಳಿಯುತ್ತಿಲ್ಲ. ನನ್ನ ಸಿಟ್ಟಿನ ಬುಡದಲ್ಲಿರುವುದು ಈ ಭಯ. ಅದಕ್ಕೇ ಕೇಳುತ್ತಿದ್ದೇನೆ: ಆ ಕೇಬಲ್ಲನ್ನು ಅವಳ ಮಣೆಗೆ ಮರಳಿಸಿ. ಆ ಬಿಸಿಲಿನಲ್ಲೂ ಅವಳಿಗೆ ಕರಿ, ನೀಲಿ ಒಂದೇ ಆಗಿ ಕಂಡರೆ, ನಾನೇ ಬಂದು ತಮ್ಮ ಪ್ಲಾಸ್ಟಿಕ್ ಹೂವಿಗೆ ಕೈಮುಗಿದು ತಪ್ಪಾಯಿತು ಎನ್ನುತ್ತೇನೆ. ಬೇರೆ ಬೇರೆಯಾಗಿ ಕಂಡರೆ, ತಾವು ಕೆಳಗಿಳಿದು ಬಂದು ಅವಳಿಗೆ ಒಂದು ಮಾತು ಹೇಳಿ: ಕಣ್ಣು ನಿಮ್ಮದು ಸರಿಯಿದೆ ಅಮ್ಮಾ, ಕತ್ತಲು ನಮ್ಮದು.

ಇಂತಿ,
ಮೇಲೆ ಮೋಡವೋ ಬಿಸಿಲೋ ಎಂದು ಹೇಳುವವರಿಲ್ಲದೆ ಕೂತಿರುವ,
ನೆಲಮಾಳಿಗೆಯ ಮುಂಗೋಪಿ ಟೈಲರ್