ಅಡಿವೆಪ್ಪ ಎಂಬ ಹೆಸರನ್ನು ಕೂಸಿಗೆ ಇಡುವ ಮೊದಲು

ನೇಸರಕೊಪ್ಪ
ಫೆಬ್ರವರಿ 30, 2163

ಪೂಜ್ಯ ಅಡಿವೆಪ್ಪಜ್ಜನವರಿಗೆ,

ನಸುಕಿನ ಮೂರು ಗಂಟೆ. ತೊಟ್ಟಿಲ ಸರಪಳಿಯ ಸದ್ದಿಗೆ ಎಚ್ಚರವಾಯಿತು. ನೋಡಿದರೆ ನಮ್ಮವ್ವ ಸ್ಟೂಲಿನ ಮೇಲೆ ನಿಂತು ಜಂತಿಯ ಕೊಂಡಿಗೆ ಎಣ್ಣೆ ಬಿಡುತ್ತಿದ್ದಳು. "ಇಷ್ಟೊತ್ತಿನ್ಯಾಗ ಏನಬೇ ಇದು?" ಎಂದೆ. "ನೀ ಮಕ್ಕೋ. ಮುಂಜಾನೆ ಮಂದಿ ಮುಂದ ಕಿರ್ ಕಿರ್ ಅಂದ್ರ ನನ್ನ ಮಾನ ಹೋಗ್ತೈತಿ" ಎಂದಳು. ಅವಳೇನೋ ಹೋಗಿ ಮಲಗಿದಳು. ನನಗೆ ಮತ್ತೆ ನಿದ್ದೆ ಹತ್ತಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಹಳೆಯ ಪತ್ರಿಕೆ ಓದಿ ಕಲಿತವಳು. ಮಾತು ಎಲ್ಲಾದರೂ ಒರಟೆನಿಸಿದರೆ, ಅರ್ಥವಾಗದಿದ್ದರೆ, ಮನ್ನಿಸಿ. ನನ್ನ ಹೆಸರು ಗಂಗೋತ್ರಿ. ನಿಮಗೂ ನನಗೂ ನಡುವೆ ನಾಲ್ಕು ತಲೆಮಾರಿನ ಹೆಣ್ಣುಮಕ್ಕಳಿದ್ದಾರೆ. ಇದನ್ನು ಓದುವ ಈ ರಾತ್ರಿ ನಿಮಗಿನ್ನೂ ಇಪ್ಪತ್ತೆಂಟು, ನನಗಿಂತ ಎರಡೇ ವರ್ಷ ದೊಡ್ಡವರು. ಆದರೂ ಅಜ್ಜ ಎನ್ನದೆ ಬೇರೇನು ಕರೆಯಲಿ? ನಗಬೇಡಿ.

ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ. ಹಿನ್ನಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು; ಒಬ್ಬರಿಗೆ ಬಾಳಿನಲ್ಲಿ ಒಂದೇ ಸಲ ಬಿಡುತ್ತಾರೆ. ನಡೆದದ್ದನ್ನು ಬರೆಯಬಹುದು, ಅದನ್ನು ತಪ್ಪಿಸುವ ಮಾತು ಬರೆಯುವಂತಿಲ್ಲ. ಬರೆದರೂ ಆ ಸಾಲು ನಿಮ್ಮನ್ನು ಮುಟ್ಟುವಷ್ಟರಲ್ಲಿ ಅಳಿಸಿಹೋಗಿರುತ್ತದೆ. ಇದರ ಕೆಳಗೆ ಒಂದು ಸಾಲು ಖಾಲಿ ಕಂಡರೆ ನಾನೇನು ಬರೆದಿದ್ದೆನೆಂದು ನೀವೇ ತಿಳಿದುಕೊಳ್ಳಿ.



ಬೆಳಗಾದರೆ ನೀವು ಐವರು ಹಿಮದ ಗಡಿಯಲ್ಲಿ ಗಸ್ತಿಗೆ ಹೊರಡುತ್ತೀರಿ. ಅದರಾಚೆ ನಮಗೆ ಏನೂ ಗೊತ್ತಿಲ್ಲ. ಹಿಮ ಜಾರಿತೆಂದು ಕೆಲವರು ಅಂದರು. ಆಚೆಯವರು ಹಿಡಿದೊಯ್ದರೆಂದು ಕೆಲವರು. ವರ್ಷಗಳ ಮೇಲೆ ಸೆರೆಯಿಂದ ಬಿಡುಗಡೆಯಾಗಿ ಬಂದ ಒಬ್ಬ, ಪಕ್ಕದ ಕೋಣೆಯಲ್ಲಿ ಯಾರೋ ಕನ್ನಡದ ಹಾಡು ಹಾಡುತ್ತಿದ್ದರು ಎಂದನಂತೆ. ನಿಮ್ಮ ಹೆಂಡತಿ ಕಸ್ತೂರಜ್ಜಿ ಒಪ್ಪಲಿಲ್ಲ. "ನಮ್ಮನಿಯವ್ರು ಅಲ್ಲ ಬಿಡ್ರಿ ಅವ್ರು. ನಮ್ಮವ್ರು ಬಾಯಿ ತಗದ್ರ ನಾಯಿ ಓಡ್ತಾವ" ಎಂದಳು. ಮರುದಿನ ತಾನೇ ಅವನ ಊರಿಗೆ ಹೋಗಿ ಕೇಳಿದಳು: "ಸುಮಾರ ಹಾಡ್ತಿದ್ರೋ, ಛಲೋ ಹಾಡ್ತಿದ್ರೋ?"

ನಿಮ್ಮನ್ನು ಊರು ಮರೆತಿಲ್ಲ. ಇದನ್ನು ಮೊದಲು ಹೇಳಬೇಕಿತ್ತು. ಊರ ನಡುವೆ ಕಾಯುಮನೆ ಎಂದು ಕಟ್ಟಿದ್ದಾರೆ, ಕಾಣೆಯಾದ, ಸೆರೆಯಾದ ನಮ್ಮೂರ ಸಿಪಾಯಿಗಳ ಮನೆ. ಸರದಿಯ ಮೇಲೆ ಒಂದೊಂದು ಮನೆಯವರು ಅಲ್ಲಿ ಕಸ ಹೊಡೆದು ದೀಪ ಹಚ್ಚುತ್ತಾರೆ, ಹಾಸಿಗೆ ಬಿಸಿಲಿಗೆ ಹಾಕುತ್ತಾರೆ. ನಮ್ಮಲ್ಲಿ ಹತ್ತು ಗಂಟೆಯಾದರೆ ಬಿಸಿಲು ಬೆಂಕಿ. ಊರ ಮೇಲೆ ನೆರಳುಹಾಸು ಎಳೆಯುತ್ತಾರೆ, ಅಂದರೆ ಡೇರೆಯಂಥ ದೊಡ್ಡ ಬಟ್ಟೆ. ಅದಕ್ಕೇ ಶಾಲೆ ನಸುಕಿನಲ್ಲಿ. ಹಾಜರಿ ಕರೆಯುವಾಗ ಕೊನೆಗೆ ನಿಮ್ಮ ಹೆಸರನ್ನೂ ಕರೆಯುತ್ತಾರೆ, ಮಕ್ಕಳೆಲ್ಲ ಒಟ್ಟಿಗೆ "ಬರ್ತಾರ್ರೀ!" ಎಂದು ಕೂಗುತ್ತವೆ. ನಾನೂ ಕೂಗಿದ್ದೇನೆ. ಹಬ್ಬಕ್ಕೆ ನಿಮಗೆ ಹೊಸ ಅಂಗಿ ಹೊಲಿಸುತ್ತೇವೆ. ವಯಸ್ಸಾದಂತೆ ನಿಮ್ಮ ಹೊಟ್ಟೆ ಎಷ್ಟು ಬಂದೀತು ಎಂದು ಹೆಂಗಸರಲ್ಲಿ ದೊಡ್ಡ ಜಗಳ. "ಸೆರಿಯೊಳಗ ಇದ್ದಾವ್ರಿಗೆ ಹೊಟ್ಟಿ ಎಲ್ಲಿಂದ ಬರ್ತೈತಿ? ಸಣ್ಣದ ಹೊಲಿ" ಎಂದು ಒಬ್ಬಳು. "ಬಂದ ಮ್ಯಾಲೆ ನಾವು ಉಣಿಸೂದಿಲ್ಲೇನ? ಒಂದೀಟು ಬಿಟ್ಟ ಹೊಲಿ" ಎಂದು ಇನ್ನೊಬ್ಬಳು. ಬಿಟ್ಟೇ ಹೊಲಿಸುತ್ತೇವೆ.

ಆದರೆ ನಿಮ್ಮ ಹೆಸರನ್ನು ಮಾತ್ರ ಯಾವ ಮಗುವಿಗೂ ಇಟ್ಟಿಲ್ಲ. ಕಾರಣ ನಿಮಗೆ ಗೊತ್ತು. ನೀವು ಚಿಕ್ಕವರಿದ್ದಾಗ ನಿಮ್ಮ ಓಣಿಯಲ್ಲಿದ್ದ ದುಂಡಪ್ಪಜ್ಜನನ್ನು ಕಂಡಿದ್ದೀರಿ. ಯುದ್ಧದಲ್ಲಿ ಸೆರೆಯಾಗಿದ್ದ ಅವನು ಸತ್ತನೆಂದು ತಿಳಿದು, ತೀರಿಹೋದವರ ಹೆಸರು ಮನೆಯ ಕೂಸಿಗೆ ಇಡುವಂತೆ, ತಮ್ಮನ ಮಗನಿಗೆ ಅವನ ಹೆಸರಿಟ್ಟಿದ್ದರು. ಅವನು ಬದುಕಿ ಬಂದ. "ದುಂಡ್ಯಾ, ಉಣ್ಣಾಕ ಬಾ" ಎಂದು ಒಳಗಿಂದ ಕರೆದರೆ ಇವನೂ ಏಳುವನು, ಆ ಪೋರನೂ ಓಡುವನು. ಒಂದು ದಿನ ಕೈ ತೊಳೆದುಕೊಂಡು ಬಾಗಿಲಲ್ಲೇ ನಿಂತು, "ಹಂಗಾದ್ರ ನಾ ಯಾರೋ?" ಎಂದು ಕೇಳಿದನಂತೆ. ಆಮೇಲೆ ಅವನು ಮನೆಯೊಳಗೆ ಮಲಗಲಿಲ್ಲ, ಶಾಲೆಯ ಕಟ್ಟೆಯ ಮೇಲೆ ಮಲಗಿದ. ಊರು ನಾಚಿತು. ತಿರುಗಿ ಬಾರದವನ ಹೆಸರು ಅವನದೇ, ಅವನ ಬಾಯಿಂದಲೇ ಅಪ್ಪಣೆ ಬರಬೇಕು ಎಂದು ಅಂದಿನಿಂದ ನೇಮವಾಯಿತು.

ಆ ನೇಮವನ್ನು ಇಂದು ಬೆಳಿಗ್ಗೆ ಮುರಿಯುತ್ತಾರೆ, ನನ್ನ ಮಗನ ತೊಟ್ಟಿಲಲ್ಲಿ. ನಿಮ್ಮ ನಂತರ ಈ ವಂಶದಲ್ಲಿ ಹುಟ್ಟಿದ ಮೊದಲ ಗಂಡುಕೂಸು ಇವನು. ಹಿರಿಯರು ಕುಳಿತು ಯೋಚಿಸಿದರು: ಇನ್ನು ಸಾಕು, ಅಡಿವೆಪ್ಪನಿಗೂ ವಿಶ್ರಾಂತಿ ಬೇಕು, ಹೆಸರಿಟ್ಟು ಹಾಜರಿಯಿಂದ ಬಿಡೋಣ ಎಂದರು. ಕಾಯುಮನೆಯ ಗುರವ್ವ ಆಯಿ ಸಿಟ್ಟಿಗೆದ್ದು, "ನಾಳೆ ಅಂವ ಬಂದು ಕೇಳಿದ್ರ ಏನ ಹೇಳ್ತೀರಿ?" ಎಂದಳು. ನಮ್ಮ ಚಂಬಣ್ಣ ಕಾಕಾ ಕೈಮುಗಿದು, "ನೂರಾ ಅರವತ್ತ ವರ್ಷದಾಂವ ನಡಕೋತ ಬಂದ್ರ ಮೊದಲ ಕಾಲಿಗೆ ಬೀಳ್ತೀನವಾ, ಆಮ್ಯಾಲೆ ಹೇಳ್ತೀನಿ" ಎಂದ. ಎಲ್ಲರೂ ನಕ್ಕರು. ಗುರವ್ವ ಆಯಿಯೂ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯಾರೂ ಕೆಟ್ಟವರಲ್ಲ. ನೀವಿಲ್ಲ ಎಂದು ನನಗೂ ಗೊತ್ತು, ಓದಿದವಳು, ಲೆಕ್ಕ ಬರುತ್ತದೆ. ನಿಜ ಹೇಳಲೇ? ನಿಮ್ಮ ಹೆಸರು ನನಗೂ ಬೇಕು. ಫೋಟೋದಲ್ಲಿ ನಿಮ್ಮ ಎಡಗಿವಿ ಮುಂದಕ್ಕೆ ಬಾಗಿದೆಯಲ್ಲ, ಇವನದೂ ಹಾಗೇ. ಹಾಲು ಕುಡಿಯುವಾಗ ಆ ಕಿವಿ ಮುಟ್ಟಿ ಮುಟ್ಟಿ ಬಾಯೊಳಗೇ ಅಡಿವೆಪ್ಪ, ಅಡಿವೆಪ್ಪ ಎಂದಿದ್ದೇನೆ. ಆದರೆ ನನ್ನ ನಾದಿನಿ ಇವನ ಕಿವಿಯಲ್ಲಿ ಕುರ್ರ್ ಎಂದು ಆ ಹೆಸರು ಹೇಳಿದ ಗಳಿಗೆಯಲ್ಲಿ ಊರು ನಿಮ್ಮನ್ನು ಕಾಯುವುದನ್ನು ಬಿಡುತ್ತದೆ. ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿ ನಗುತ್ತಾರೆ. ನಿಮ್ಮ ಸಾವಿನ ಸುದ್ದಿ ಮೊದಲು ಬೀಳುವುದು ನನ್ನ ಮೂರು ತಿಂಗಳ ಮಗುವಿನ ಕಿವಿಗೆ. ಕೇಳದೆ ತೆಗೆದುಕೊಂಡ ಹೆಸರು ಇವನನ್ನೂ ನಿಮ್ಮ ಹಿಂದೆ ಆ ಹಿಮಕ್ಕೆ ಕರೆದೊಯ್ದರೆ? ಹುಚ್ಚು ಎನ್ನುತ್ತಾಳೆ ಅವ್ವ. ಇರಬಹುದು. ಇವನ ಉಸಿರು ಒಂದು ಕ್ಷಣ ನಿಂತಂತಾದರೂ ನಾನು ಎದ್ದು ಕೂರುವವಳು.

ಹಾಗೆಂದು ಹೆಸರಿಲ್ಲದೆ ಬಿಡಲಾರೆ. ಕಸ್ತೂರಜ್ಜಿ ಹೊಟ್ಟೆಯಲ್ಲಿದ್ದ ಮಗುವಿನ ಬಗ್ಗೆ ನೀವು ಕೊನೆಯ ಸಲ ಫೋನಿನಲ್ಲಿ ಹೇಳಿದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: "ಹೆಸರ ಯಾರೂ ಇಡಬ್ಯಾಡ್ರಿ, ನಾ ಬಂದ ಇಡ್ತೀನಿ." ಯಾರೂ ಇಡಲಿಲ್ಲ. ಹೆಣ್ಣು ಹುಟ್ಟಿತು. ಕೂಸು ಕೂಸು ಎಂದು ಕರೆದು ಕರೆದು ಅವಳು ಕೂಸವ್ವಳೇ ಆದಳು, ಮುದುಕಿಯಾಗಿ, ಮರಿಮಕ್ಕಳನ್ನು ಕಂಡು, ಕೂಸವ್ವಳಾಗಿಯೇ ತೀರಿಕೊಂಡಳು. ಬೇಜಾರಾಗಬೇಡಿ, ಅವಳಿಗೆ ಆ ಹೆಸರೇ ಹಿಡಿಸಿತ್ತಂತೆ. ಆದರೆ ನನ್ನ ಮಗ ಹಾಗೆ ಕಾಯುವುದು ಬೇಡ.

ಆದ್ದರಿಂದ ಇಷ್ಟೇ ಕೇಳುತ್ತೇನೆ. ಈಗಲೇ ಕಸ್ತೂರಜ್ಜಿಗೆ ಫೋನ್ ಹಚ್ಚಿ. ಮುಂದೊಂದು ಕಾಲಕ್ಕೆ ಹುಟ್ಟುವ ಗಂಡುಕೂಸಿಗೆ ನನ್ನ ಹೆಸರಿಡಿ ಎನ್ನಿ, ಇಲ್ಲವೇ ಬೇಡ, ನನಗಾಗಿ ಕಾಯಿರಿ ಎನ್ನಿ. ಯಾವುದಾದರೂ ಸರಿ, ನಿಮ್ಮ ಬಾಯಿಂದ ಬರಲಿ. ಅವಳು ಕೂಸವ್ವನಿಗೆ ಹೇಳುತ್ತಾಳೆ, ಕೂಸವ್ವ ತನ್ನ ಮಗಳಿಗೆ, ಹಾಗೇ ಇಳಿದು ಇಳಿದು ನಮ್ಮವ್ವನಿಗೆ ಬರುತ್ತದೆ. ಬೆಳಿಗ್ಗೆ ಅವಳು ಏಳುವಾಗ ಆ ಮಾತು ಅವಳಿಗೆ ಮೊದಲಿಂದಲೂ ಗೊತ್ತಿರುತ್ತದೆ. ಇಷ್ಟು ಹೊತ್ತಿನಲ್ಲಿ ಕಸ್ತೂರಜ್ಜಿಯನ್ನು ಹೇಗೆ ಎಬ್ಬಿಸಲಿ ಎಂದುಕೊಳ್ಳಬೇಡಿ. ಅವಳಿಗೆ ಏಳನೇ ತಿಂಗಳು, ಈ ರಾತ್ರಿ ಕಣ್ಣು ಮುಚ್ಚಿರಲಿಲ್ಲವೆಂದು ಅವಳೇ ಕಡೆಯವರೆಗೂ ಹೇಳುತ್ತಿದ್ದಳು. ಒಂದು ರಿಂಗಿಗೇ ಎತ್ತುತ್ತಾಳೆ. ಸಿಗ್ನಲ್ ಸಿಗದಿದ್ದರೆ ಹತ್ತಿರದ ದಿಬ್ಬ ಹತ್ತಿ ನಿಲ್ಲಿ, ಜೊತೆಯವರ ಫೋನಾದರೂ ಇಸಿದುಕೊಳ್ಳಿ. ಇಲ್ಲಿ ಕೋಳಿ ಕೂಗಿತು, ಅವ್ವ ಹೊರಳಾಡುತ್ತಿದ್ದಾಳೆ. ಅಜ್ಜಾ, ನಿಮ್ಮ ಕಾಲಿಗೆ ಬೀಳುತ್ತೇನೆ, ಬೂಟು ಕಟ್ಟುವ ಮೊದಲು, ಬೆಳಕು ಹರಿಯುವ ಮೊದಲು, ಒಂದು ಫೋನ್ ಹಚ್ಚಿ.