ಟವೆಲಿನಡಿಯ ನಿಯಮ

ದಿಲ್ಷಾದ್,

ನನ್ನ ಜೊತೆ ಮಾತು ಬಿಟ್ಟು ಹೋಗುವಾಗ ನೀನು ಮರೆತ ಆಟದ ಪುಸ್ತಕವನ್ನು ಇವತ್ತು ಶಿಡ್ಲಘಟ್ಟದ ನಮ್ಮ ಜಗಲಿಯಲ್ಲಿ ತೆರೆದೆ. ರಾಜರ ಕಥೆಯಾಗಲಿ, ಆಕಾಶನೌಕೆಯದಾಗಲಿ, ಅದೊಂದರಿಂದಲೇ ಪಾತ್ರ ಕಟ್ಟಿ, ದಾಳ ಹಾಕಿ ಆಡಬಹುದು ಅಂತ ನೀನು ಅಂದಿದ್ದೆ. "ಇಂಗ್ಲಿಷ್ ಬರದೋರ ಕೈಲಿ ಆಗಲ್ಲ ಕಣೇ" ಅಂತಲೂ ಅಂದಿದ್ದೆ.

ಆಯಿತು ನೋಡು. ರೇಷ್ಮೆಗೂಡಿನ ವ್ಯಾಪಾರಿ ನಲ್ಲಪ್ಪಮಾವ ಆಟದಲ್ಲಿ ನೌಕೆಯ ವರ್ತಕನಾದ. ಇಂಧನದ ಚೌಕಾಸಿಗೆ ದಾಳ ಹಾಕು ಎಂದರೆ, ನನ್ನ ಕೈಮೇಲೆ ಟವೆಲು ಹೊದಿಸಿ ಅಡಿಯಲ್ಲಿ ಬೆರಳು ಹಿಡಿದ.

"ರೇಟು ಬಾಯಲ್ಲಿ ಹೇಳ್ತಾರೇನಮ್ಮ?"

ಬೆರಳು ಹಿಡಿದೇ ಗುಟ್ಟಾಗಿ ರೇಟು ತಿಳಿಸುವ ಗೂಡಿನ ಸಂತೆಯ ಪದ್ಧತಿ. ಒಪ್ಪಿದೆ. ನಿನ್ನ ಪುಸ್ತಕದ ಅಂಚಿನಲ್ಲೇ ಅದನ್ನು ಕನ್ನಡದಲ್ಲಿ ಬರೆದೆ, ಪೆನ್ನಿನಿಂದ, ಅಳಿಸಲಾಗದಂತೆ.

ನೌಕೆ ಓಡಿಸಲು ಪಕ್ಕದ್ಮನೆ ಗಂಗುಲಮ್ಮ ಕೂತಳು. ನೀನು ನಿನಗೆಂದು ಬರೆದಿಟ್ಟಿದ್ದ ಪೈಲಟ್ ಪಾತ್ರದ ಹಾಳೆಯನ್ನು ಕೇಳಿದಳು.

ಕೊಡಲಿಲ್ಲ. ಅವಳಿಗೆ ಹೊಸದು ಗೀಚಿಕೊಟ್ಟೆ. ನಿನ್ನದು ಪುಸ್ತಕದೊಳಗೇ ಇದೆ.